ಐದೂವರೆ ಸಾವಿರದ ಫಿಲ್ಟರ್

ಧರ್ಮಸ್ಥಳದಿಂದ ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ ಒಂದು ಲಾರಿ ಓವರ್‌ಟೇಕ್ ಮಾಡೋಕೆ ಹೋದೆ. ಎದುರಿನ ರಸ್ತೆ ಖಾಲಿ ಇತ್ತು, ಲಾರಿಯವನೂ ಕೈ ಬೀಸಿ ‘ಹೋಗು’ ಅಂದಿದ್ದ. ಆಕ್ಸಿಲರೇಟರ್ ಪೂರ್ತಿ ತುಳಿದೆ. ಕಾರು ಗೊರಗೊರ ಅಂತು, ಮುಂದೆ ಹೋಗಲಿಲ್ಲ. ಇನ್ನೂ ಲಾರಿಯ ನಡುಭಾಗದ ಪಕ್ಕದಲ್ಲೇ ಇದ್ದೆ, ತಿರುವಿನಲ್ಲಿ ಬಸ್ಸೊಂದರ ಮೂತಿ ಕಾಣಿಸಿತು. ಬ್ರೇಕ್ ಹಾಕಿ ಮತ್ತೆ ಲಾರಿಯ ಹಿಂದೆ ಸೇರಿಕೊಂಡೆ. ಹಿಂದಿನ ಸೀಟಿನಿಂದ ಅಮ್ಮ “ಮಂಜುನಾಥಾ” ಅಂದಿದ್ದು ಬಿಟ್ಟರೆ ಸಕಲೇಶಪುರದವರೆಗೆ ಕಾರಿನೊಳಗೆ ಯಾರೂ ಮಾತಾಡಲಿಲ್ಲ.

ಸೋಮವಾರ ಆಫೀಸಿನಲ್ಲಿ ಈ ಕಥೆ ಹೇಳಿದ್ದೇ ತಡ, ಪಕ್ಕದ ಸೀಟಿನವನು ತೀರ್ಪು ಕೊಟ್ಟುಬಿಟ್ಟ. “ಮಗಾ, ಆ ಪೇಪರ್ ಫಿಲ್ಟರ್ ಕಿತ್ ಬಿಸಾಕು. ಪರ್ಫಾರ್ಮೆನ್ಸ್ ಫಿಲ್ಟರ್ ಹಾಕ್ಸು. ಗಾಡಿ ಉಸಿರಾಡ್ಬೇಕು ಕಣೋ.” ಅವನ ಕಾರಿನಲ್ಲಿ ಕೆಂಪು ಬಣ್ಣದ, ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಇದೆ. ಬಾನೆಟ್ ಎತ್ತಿ ಅದನ್ನು ತೋರಿಸುವಾಗ ಅವನ ಮುಖ ನೋಡಬೇಕು, ಮಗುವಿನ ಮೊದಲ ಹಲ್ಲು ತೋರಿಸಿದ ಹಾಗೆ. ಬೆಲೆ ಕೇಳಿದೆ. ಫಿಲ್ಟರಿಗೆ ಐದೂವರೆ ಸಾವಿರ, ತೊಳೆಯುವ ದ್ರಾವಣ ಮತ್ತು ಎಣ್ಣೆಯ ಕಿಟ್‌ಗೆ ಒಂದೂವರೆ ಸಾವಿರ. ಒಟ್ಟು 7,000 ರೂಪಾಯಿ. ನನ್ನ ಕಾರಿನ ಮಾಮೂಲಿ ಪೇಪರ್ ಫಿಲ್ಟರ್‌ಗೆ 350.

ಆರ್ಡರ್ ಮಾಡುವ ಮುಂಚೆ ಇರೋದನ್ನ ಒಮ್ಮೆ ನೋಡೋಣ ಅಂತ ಅರೆಕೆರೆಯ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಫಿಲ್ಟರ್ ಡಬ್ಬ ಬಿಚ್ಚಿದೆ. ನಾಲ್ಕು ಕ್ಲಿಪ್ ಅಷ್ಟೇ, ಸ್ಪ್ಯಾನರೂ ಬೇಡ. ಒಳಗೆ ಒಂದು ಒಣಗಿದ ಎಲೆ, ಒಂದು ಸತ್ತ ಜೇನುಹುಳ, ಮತ್ತು ಬನ್ನೇರುಘಟ್ಟ ರಸ್ತೆ. ನಿಜವಾಗಿಯೂ ಆ ರಸ್ತೆಯೇ. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಮೆಟ್ರೊ ಗುಲಾಬಿ ಮಾರ್ಗದ ಕಂಬಗಳು ಏಳುತ್ತಿದ್ದ ಅಷ್ಟೂ ವರ್ಷ, 2020ರಲ್ಲಿ ಜಯದೇವ ಫ್ಲೈಓವರ್ ಒಡೆದ ಮೇಲಿನ ಕಾಲವೂ ಸೇರಿ, ನಾವೆಲ್ಲ ತಿಂದ ಆ ಧೂಳಿನ ಬಣ್ಣವೇ ಪೇಪರಿನ ಮಡಿಕೆಗಳಲ್ಲಿ ಗಟ್ಟಿಯಾಗಿ ಕೂತಿತ್ತು.

ಈ ಧೂಳನ್ನು ಹಗುರವಾಗಿ ತಗೋಬೇಡಿ. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಬೆಂಗಳೂರಿನ ಗಾಳಿಯ ಸಾಂದ್ರತೆಗೆ ಲೆಕ್ಕ ಹಾಕಿದರೆ ಅದು ಸುಮಾರು 10,000 ಲೀಟರ್ ಗಾಳಿ. ಟ್ಯಾಂಕ್ ಫುಲ್ ಮಾಡಿಸಿದಾಗಲೆಲ್ಲ ಮೂರು ಲಕ್ಷ ಲೀಟರಿಗೂ ಹೆಚ್ಚು ಗಾಳಿ ಆ ಡಬ್ಬದ ಮೂಲಕ ಹೋಗಬೇಕು. ಅದರಲ್ಲಿರುವ ಮರಳಿನ ಕಣ ಉಕ್ಕಿಗಿಂತ ಗಟ್ಟಿ. ಕಣ್ಣಿಗೆ ಕಾಣುವ ಮರಳಲ್ಲ, ಕೂದಲಿನ ದಪ್ಪದ ಹತ್ತನೇ ಒಂದು ಭಾಗದಷ್ಟಿರುವ ಕಣಗಳೇ ಅಪಾಯಕಾರಿ. ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಇರುವ ತೆಳುವಾದ ಆಯಿಲ್ ಪದರದೊಳಗೆ ನುಗ್ಗಿ ಅವು ಉಪ್ಪುಕಾಗದದ ಹಾಗೆ ತಿಕ್ಕುತ್ತವೆ.

ಇರಲಿ. ನನ್ನ ಪ್ರಶ್ನೆ ಧೂಳಿನದ್ದಲ್ಲ, ಘಾಟಿಯದ್ದು. ಫಿಲ್ಟರ್ ಬದಲಾಯಿಸಿದರೆ ಕಾರಿಗೆ ಶಕ್ತಿ ಬರುತ್ತಾ? ಸಾಫ್ಟ್‌ವೇರ್‌ನವನಿಗೆ ಯಾರದೋ ಅಭಿಪ್ರಾಯಕ್ಕಿಂತ ಲಾಗ್ ಮೇಲೆ ನಂಬಿಕೆ ಜಾಸ್ತಿ. ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ ಒಂದು ಚಿಕ್ಕ ಬ್ಲೂಟೂತ್ ಡಾಂಗಲ್ ಸಿಕ್ಕಿಸಿದರೆ ಎಂಜಿನ್ನಿನ ಒಳಗಿನ ಗಾಳಿಯ ಒತ್ತಡ ಫೋನಿನಲ್ಲೇ ಕಾಣುತ್ತೆ (ನನ್ನದರಂತೆ ಮ್ಯಾಪ್ ಸೆನ್ಸರ್ ಇರುವ ಕಾರಾದರೆ). ಕೀ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡದೆ ನೋಡಿದೆ: 91 ಕಿಲೋಪಾಸ್ಕಲ್. ಇದು ಅರೆಕೆರೆಯ ಹೊರಗಾಳಿಯ ಒತ್ತಡ. ಮಂಗಳೂರಿನ ಕಡಲ ತೀರದಲ್ಲಾದರೆ 101 ಇರುತ್ತೆ. ನಾವು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದ್ದೇವಲ್ಲ, ಹಾಗಾಗಿ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಬೆಂಗಳೂರಿನಲ್ಲಿ ಹುಟ್ಟಾ ಹತ್ತು ಪರ್ಸೆಂಟ್ ಬಡವ. ಬ್ರೋಷರ್‌ನಲ್ಲಿ 83 ಹಾರ್ಸ್‌ಪವರ್ ಅಂತ ಬರೆದಿದ್ದರೆ ಇಲ್ಲಿ ಸಿಗೋದು 75ರ ಆಸುಪಾಸು. ಇದನ್ನು ಯಾವ ಶೋರೂಮಿನವರೂ ಹೇಳಲ್ಲ.

ಎಂಜಿನ್ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಬಿಟ್ಟೆ: 33. ಅರೆಕೆರೆ ಗೇಟಿನ ಸಿಗ್ನಲ್‌ನಲ್ಲಿ ತೆವಳುವಾಗ 40ರ ಸುತ್ತ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಹೊರಗೆ 91 ಇದೆ, ಒಳಗೆ 40. ನಡುವಿನ 50 ಎಲ್ಲಿ ಹೋಯ್ತು? ಫಿಲ್ಟರ್ ತಿಂದಿದ್ದಲ್ಲ. ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿದಾಗ ಥ್ರಾಟಲ್ ಅನ್ನೋ ಬಾಗಿಲು ಹೆಚ್ಚುಕಮ್ಮಿ ಮುಚ್ಚಿಯೇ ಇರುತ್ತೆ, ಎಲ್ಲ ಅಲ್ಲೇ ಹೋಗೋದು. ಅಂದರೆ ಟ್ರಾಫಿಕ್‌ನಲ್ಲಿ ನಾವೇ ಕಾರಿನ ಮೂಗು ಹಿಡಿದಿರುತ್ತೇವೆ. ಬಾಗಿಲನ್ನು ಒರೆಗೆ ಮಾಡಿಟ್ಟು ಕಿಟಕಿಯ ಸೊಳ್ಳೆಪರದೆ ಬದಲಾಯಿಸಿದರೆ ಮನೆಗೆ ಎಷ್ಟು ಗಾಳಿ ಬಂದೀತು?

ಪೂರ್ತಿ ತುಳಿದಾಗ ಮಾತ್ರ ಫಿಲ್ಟರ್ ಲೆಕ್ಕಕ್ಕೆ ಬರೋದು. ಭಾನುವಾರ ಬೆಳಗ್ಗೆ ನೈಸ್ ರಸ್ತೆಗೆ ಹೋದೆ. ಸೆಕೆಂಡ್ ಗೇರ್, ಆಕ್ಸಿಲರೇಟರ್ ಪೂರ್ತಿ, 5,500 ಆರ್‌ಪಿಎಂ. ಆ ಕೊಳಕು ಫಿಲ್ಟರ್‌ನಲ್ಲಿ 87 ಬಂತು. ಹೊಸ 350 ರೂಪಾಯಿಯ ಪೇಪರ್ ಫಿಲ್ಟರ್ ಹಾಕಿ ಮತ್ತೆ ಅದೇ ಜಾಗದಲ್ಲಿ ನೋಡಿದೆ: 89. (ಹೆಂಡತಿ ಕಾರಿನಲ್ಲಿ ಕೂತು ನಂಬರ್ ಬರೆದುಕೊಂಡಳು. ಭಾನುವಾರ ಬೆಳಗ್ಗೆಯ ತಿಂಡಿಗೆ ಹೊರಗೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ, ಅದರ ಕಥೆ ಬೇರೆ.) ಹೊರಗೆ ಇರೋದೇ 91. ಉಳಿದ ಎರಡು ಕಿಲೋಪಾಸ್ಕಲ್‌ನಲ್ಲಿ ಪೈಪು, ಡಬ್ಬ, ಥ್ರಾಟಲ್ ಎಲ್ಲದರ ಪಾಲೂ ಇದೆ. ಫಿಲ್ಟರನ್ನೇ ಕಿತ್ತು ಬರೀ ಡಬ್ಬದಲ್ಲಿ ಓಡಿಸಿದರೂ ನನಗೆ ಸಿಗೋದು ಗರಿಷ್ಠ ಎರಡು ಪರ್ಸೆಂಟ್, ಒಂದೂವರೆ ಹಾರ್ಸ್‌ಪವರ್. ಕೆಂಪು ಫಿಲ್ಟರ್ ಎಷ್ಟೇ ಚೆನ್ನಾಗಿ ಉಸಿರಾಡಲಿ, ಆ ಮಿತಿ ದಾಟಲ್ಲ. ಅಮ್ಮ ಒಬ್ಬರು ಕಾರಿನಿಂದ ಇಳಿದರೆ ಅದಕ್ಕಿಂತ ಜಾಸ್ತಿ ವ್ಯತ್ಯಾಸ.

ಮೈಲೇಜ್? ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಇದನ್ನೇ ಅಳೆದರು. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರ್‌ನಿಂದ ಮೈಲೇಜ್ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ, ಪಿಕಪ್ ಮಾತ್ರ ಕುಂದಿತು. ಗಾಳಿ ಕಡಿಮೆ ಬಂದರೆ ಕಂಪ್ಯೂಟರ್ ಪೆಟ್ರೋಲನ್ನೂ ಅಷ್ಟೇ ಕಡಿಮೆ ಬಿಡುತ್ತೆ. ‘ಫಿಲ್ಟರ್ ಕ್ಲೀನ್ ಮಾಡಿದ್ರೆ ಮೈಲೇಜ್ ಬರುತ್ತೆ’ ಅನ್ನೋ ಅಪ್ಪನ ಮಾತು ಅವರ ಕಾರ್ಬುರೇಟರ್ ಕಾಲದ ಮಾರುತಿ 800ಗೆ ಸರಿ.

ಹಾಗಂತ ಆ ಹತ್ತಿ ಫಿಲ್ಟರ್ ಮೋಸ ಅಂತಲ್ಲ. ಕೆ ಅಂಡ್ ಎನ್ ಕಂಪನಿ 1969ರಿಂದ ಇದೇ ಕೆಲಸ ಮಾಡ್ತಿದೆ, ರೇಸ್ ಟ್ರ್ಯಾಕಿನಲ್ಲಿ ಇಡೀ ದಿನ ಪೂರ್ತಿ ಥ್ರಾಟಲ್‌ನಲ್ಲಿ ಓಡುವ ಗಾಡಿಗೆ, ಟರ್ಬೊ ಟ್ಯೂನ್ ಮಾಡಿಸಿದ ಗಾಡಿಗೆ ಅದು ಸರಿಯಾದ ವಸ್ತು. ತೊಳೆದು ಮತ್ತೆ ಬಳಸಬಹುದು ಅನ್ನೋದೂ ನಿಜ. ಆದರೆ ತೊಳೆದ ಮೇಲೆ ನೆರಳಿನಲ್ಲಿ ಪೂರ್ತಿ ಒಣಗಬೇಕು, ಆಮೇಲೆ ಎಣ್ಣೆಯನ್ನು ಅಳತೆಯಾಗಿ ಬಿಡಬೇಕು. ಕಡಿಮೆಯಾದರೆ ಧೂಳು ನುಗ್ಗುತ್ತೆ. ಜಾಸ್ತಿಯಾದರೆ ಗಾಳಿಯ ಜೊತೆ ಎಣ್ಣೆ ಹಾರಿ, ಮಾಫ್ ಸೆನ್ಸರ್ ಇರುವ ಕಾರುಗಳಲ್ಲಿ ಅದರ ಬಿಸಿ ತಂತಿಗೆ ಅಂಟಿಕೊಂಡು ಎಂಜಿನ್ ಲೈಟ್ ಹೊತ್ತಿಕೊಳ್ಳಬಹುದು. ಇನ್ನು ಒಂದು ಫಿಲ್ಟರ್ 99 ಪರ್ಸೆಂಟ್ ಧೂಳು ಹಿಡಿಯುತ್ತೆ, ಇನ್ನೊಂದು 97 ಅಂದರೆ ಎರಡೇ ವ್ಯತ್ಯಾಸ ಅನ್ನಿಸುತ್ತೆ. ತಿರುಗಿಸಿ ನೋಡಿ: ಎಂಜಿನ್ನಿನೊಳಗೆ ಹೋಗುವ ಧೂಳು ಒಂದರ ಬದಲು ಮೂರು. ನಮ್ಮ ರಸ್ತೆಯಲ್ಲಿ ನನಗೆ ಆ ಲೆಕ್ಕವೇ ದೊಡ್ಡದು. ಡಬ್ಬವನ್ನೇ ಕಿತ್ತು ಬರೀ ಕೋನ್ ಫಿಲ್ಟರ್ ಕೂರಿಸುವ ಹುಚ್ಚು ಮಾತ್ರ ಬೇಡವೇ ಬೇಡ. ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆದು ಇರೋ ಶಕ್ತಿಯನ್ನೂ ಕಳೆದುಕೊಂಡು, ಸದ್ದು ಮಾತ್ರ ಜೋರು.

ದುಡ್ಡಿನ ಲೆಕ್ಕ ಇನ್ನೂ ತಮಾಷೆ. 7,000 ರೂಪಾಯಿಗೆ 20 ಪೇಪರ್ ಫಿಲ್ಟರ್ ಬರುತ್ತೆ. ಧೂಳಿಗೆ ಹೆದರಿ 10,000 ಕಿಲೋಮೀಟರಿಗೊಂದು ಹಾಕಿದರೂ ಎರಡು ಲಕ್ಷ ಕಿಲೋಮೀಟರ್. ವರ್ಷಕ್ಕೆ 8,000 ಓಡಿಸುವ ನನಗೆ ಅದು 25 ವರ್ಷ. ಆರ್‌ಸಿ ಇರೋದೇ 15 ವರ್ಷಕ್ಕೆ.

ಹೊಸ ಪೇಪರ್ ಫಿಲ್ಟರ್ ತಂದಿದ್ದು ಜೆ.ಸಿ. ರೋಡಿನಿಂದ. ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್‌ವರೆಗೆ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲು. “ಸಾರ್, 120ರದ್ದೂ ಇದೆ, 350ರದ್ದೂ ಇದೆ” ಅಂತ ಎರಡನ್ನೂ ಮುಂದಿಟ್ಟರು. ಮಡಿಕೆ ಎಣಿಸಿದೆ. ಅಗ್ಗದ್ದರಲ್ಲಿ ಮಡಿಕೆ ಕಡಿಮೆ, ಅಂಚಿನ ರಬ್ಬರ್ ಒತ್ತಿದರೆ ಬಗ್ಗಲೇ ಇಲ್ಲ. ಆ ರಬ್ಬರ್ ಡಬ್ಬಕ್ಕೆ ಸರಿಯಾಗಿ ಕೂರದಿದ್ದರೆ ಫಿಲ್ಟರ್ ಎಷ್ಟು ಒಳ್ಳೆಯದಿದ್ದರೂ ಧೂಳು ಪಕ್ಕದಿಂದ ಹೋಗುತ್ತೆ. ಪಾರ್ಟ್ ನಂಬರನ್ನು ಕಾರಿನ ಪುಸ್ತಕದ ಜೊತೆ ತಾಳೆ ನೋಡಿ ದುಬಾರಿಯದ್ದೇ ತಗೊಂಡೆ.

ಹಳೆಯದನ್ನು ಬೆಳಕಿಗೆ ಹಿಡಿದಾಗ ಒಂದು ವಿಷಯ ಗೊತ್ತಾಯಿತು. ಒಂದು ಮಡಿಕೆಯ ತುದಿಯಲ್ಲಿ ಸಣ್ಣ ತೂತು. ಯಾವುದೋ ಸರ್ವಿಸ್‌ನಲ್ಲಿ ಗಾಳಿಯ ಗನ್ ಹಿಡಿದು ಫಟಫಟ ಅಂತ ಕ್ಲೀನ್ ಮಾಡಿದ್ದರ ಫಲ ಇರಬೇಕು. ಫಿಲ್ಟರ್ ದಾಟಿದ ಮೇಲಿನ ಪೈಪಿನೊಳಗೆ ಬಿಳಿ ಬಟ್ಟೆ ಆಡಿಸಿದೆ, ಕಂದು ಬಣ್ಣ ಬಂತು. ನೀವೂ ಮಾಡಿ ನೋಡಿ, ಎರಡು ನಿಮಿಷದ ಕೆಲಸ. ಆ ಕಡೆ ಬಟ್ಟೆ ಬೆಳ್ಳಗಿರಬೇಕು. ಪೇಪರ್ ಫಿಲ್ಟರ್ ಸ್ವಲ್ಪ ಕೊಳೆಯಾದಾಗ ಇನ್ನೂ ಚೆನ್ನಾಗಿ ಧೂಳು ಹಿಡಿಯುತ್ತೆ, ಕೂತ ಧೂಳೇ ಇನ್ನೊಂದು ಜರಡಿ. ಪದೇ ಪದೇ ಗಾಳಿ ಹೊಡೆಸಿ ಅದನ್ನು ‘ಕ್ಲೀನ್’ ಮಾಡಿಸುವವರು ಕಾಸು ಕೊಟ್ಟು ತೂತು ಮಾಡಿಸಿಕೊಳ್ತಿದ್ದಾರೆ.

ಘಾಟಿಯ ವಿಷಯವನ್ನು ಕೊನೆಗೆ ನಮ್ಮ ಅರೆಕೆರೆಯ ಮೆಕ್ಯಾನಿಕ್ ಅಣ್ಣನ ಹತ್ತಿರ ಹೇಳಿದೆ. ನನ್ನ ಲಾಗು, ಗ್ರಾಫು ಎಲ್ಲ ತಾಳ್ಮೆಯಿಂದ ನೋಡಿದರು.

“ಎಷ್ಟು ಜನ ಇದ್ರಿ ಸಾರ್?”

“ನಾಲ್ಕು. ಲಗೇಜ್ ಇತ್ತು.”

“ಎ.ಸಿ.?”

“ಆನ್.”

“ಯಾವ ಗೇರು?”

“ಥರ್ಡ್.”

“ಸೆಕೆಂಡ್‌ಗೆ ಯಾಕ್ ಹಾಕ್ಲಿಲ್ಲ?”

ನನ್ನ ಹತ್ತಿರ ಉತ್ತರ ಇರಲಿಲ್ಲ. 2,000 ಆರ್‌ಪಿಎಂನಲ್ಲಿ ಥರ್ಡ್ ಗೇರ್ ಹಿಡಿದುಕೊಂಡು 1.2 ಲೀಟರ್ ಎಂಜಿನ್‌ನಿಂದ ಏರಿನಲ್ಲಿ ಓವರ್‌ಟೇಕ್ ಮಾಡಿಸಲು ಹೋಗಿದ್ದೆ. ಅದರ ಶಕ್ತಿಯೆಲ್ಲ ಇರೋದು 4,000ದ ಮೇಲೆ. ಎರಡು ವಾರ ಫಿಲ್ಟರಿನ ಹಿಂದೆ ಬಿದ್ದವನಿಗೆ ಗೇರ್ ಲಿವರ್ ಕಂಡಿರಲಿಲ್ಲ.

ಆ 7,000 ಇನ್ನೂ ಅಕೌಂಟಿನಲ್ಲೇ ಇದೆ. ದೀಪೋತ್ಸವಕ್ಕೆ ಮತ್ತೆ ಧರ್ಮಸ್ಥಳಕ್ಕೆ ಹೋಗೋಣ ಅಂತ ಮೊನ್ನೆ ಮನೆಯಲ್ಲಿ ಮಾತು ಬಂತು. ಈ ಸಲ ಕೆಎಸ್‌ಆರ್‌ಟಿಸಿಯಲ್ಲಿ ಹೋಗೋಣ ಕಣೋ, ಅಂದರು ಅಮ್ಮ.