ಎಷ್ಟು ಭ್ರೂಣ ಅನ್ನೋದು ಯಾರ ಆಯ್ಕೆ?

ಐವಿಎಫ್‌ನಾಗ ಗರ್ಭಕ್ಕ ಒಂದು ಭ್ರೂಣ ಹಾಕಬೇಕೋ, ಎರಡೋ, ಮೂರೋ? "ನಿಮ್ಮ ಆಯ್ಕೆ" ಅಂತಾರ. ಎಲ್ಲಿಯ ಆಯ್ಕೆ? ಯಲಬುರ್ಗಾ, ಕುಷ್ಟಗಿ ಕಡೆಯಿಂದ ಗುಳೆ ಹೋಗಿ ದುಡಿದು, ಮ್ಯಾಲೆ ಸಾಲ ತಗೊಂಡು ಹುಬ್ಬಳ್ಳಿ ಆಸ್ಪತ್ರೆ ಹತ್ತೋ ನಮ್ಮ ಕೇರಿ ಹೆಣ್ಣುಮಗಳಿಗೆ ಎರಡನೇ ಸಲಕ್ಕ ರೊಕ್ಕ ಇರೂದಿಲ್ಲ. "ಇದ್ದಷ್ಟೂ ಹಾಕಿಬಿಡ್ರಿ" ಅಂತಾಳ.

ಬಾಡಿಗೆ ತಾಯಿಗೆ ಒಂದೇ ಭ್ರೂಣ, ವಿಶೇಷ ಸಂದರ್ಭದಾಗ ಮಾತ್ರ ಮೂರರವರೆಗೆ ಅಂತ 2022ರ ಬಾಡಿಗೆ ತಾಯ್ತನ ನಿಯಮ ಹೇಳತೈತಿ. ಆ ಎಚ್ಚರ ನಮ್ಮ ಅಕ್ಕ-ತಂಗೇರಿಗೂ ಬೇಕು. ಅವಳಿ, ತ್ರಿವಳಿ ಬಸಿರಂದ್ರ ದಿನ ತುಂಬೋಕಿಂತ ಮೊದಲೇ ಹೆರಿಗೆ, ಕಮ್ಮಿ ತೂಕದ ಕೂಸು, ತಾಯಿಗೆ ಬಿಪಿ, ರಕ್ತಸ್ರಾವ ಎಲ್ಲದರ ಅಪಾಯ ಹೆಚ್ಚು. ಮೈಯಾಗ ಮೊದಲೇ ರಕ್ತ ಇಲ್ಲದ ಕೂಲಿ ಹೆಣ್ಣಿನ ಗತಿ ಏನು? ಉಳಿದ ಭ್ರೂಣ ಫ್ರೀಜ್ ಮಾಡಿಟ್ಟು ಆಮೇಲೆ ಒಂದೊಂದೇ ಹಾಕಬಹುದು, ಆದ್ರ ಅದಕ್ಕೂ ಬಿಲ್ಲು. ಆಯುಷ್ಮಾನ್ ಕಾರ್ಡು ಐವಿಎಫ್‌ಗೆ ನಡೆಯೂದಿಲ್ಲ.

(ಬಂಜೆ ಅಂತ ಕುಬುಸಕ್ಕ ಕರೆಯದ ನಮ್ಮವರದೂ ಇದರಾಗ ಪಾಲೈತಿ, ಮುಚ್ಚಿಡಬ್ಯಾಡ್ರಿ.)

371ಜೆ ಹೆಸರಿನಾಗ ಬರೀ ಕಟ್ಟಡ ಕಟ್ಟಿದ್ದು ಸಾಕು. ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜಿನಾಗ ಉಚಿತ ಐವಿಎಫ್ ಕೊಡ್ರಿ, ಫ್ರೀಜ್ ಖರ್ಚನ್ನೂ ಸರ್ಕಾರನೇ ಕಟ್ಟಲಿ. ಗಂಗಾವತಿ ಗೆಳೆಯರೇ, ಮುಂದಿನ ಮನವಿ ಪತ್ರದಾಗ ಇದನ್ನ ಮೊದಲನೇ ಬೇಡಿಕೆ ಮಾಡ್ರಿ.