ಮಕ್ಕಳ ಕೈಗೆ ಲೆಕ್ಕ ಕೊಡಿ

ಮಕ್ಕಳಿಗೆ ಉಳಿತಾಯ ಕಲಿಸಬೇಕೆಂಬ ಉಪದೇಶ ನಾಲ್ಕು ಕಡೆಯಿಂದಲೂ ಕೇಳಿಬರುತ್ತಿದೆ. ಬ್ಯಾಂಕಿನವರು ಹೇಳುತ್ತಾರೆ, ಮಂತ್ರಿಗಳು ಹೇಳುತ್ತಾರೆ, ಶಾಲೆಯ ವಾರ್ಷಿಕೋತ್ಸವಕ್ಕೆ ಬಂದ ಧನಿಕರೂ ಹೇಳುತ್ತಾರೆ. ಮಾತು ಕೆಟ್ಟದ್ದಲ್ಲ. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬಡವನ ಮಗುವಿಗೆ ಬೋಧಿಸುವವರು, ಆ ಹಾಸಿಗೆ ಅಷ್ಟು ಗಿಡ್ಡವಾದದ್ದು ಹೇಗೆಂದು ಮಾತ್ರ ಹೇಳುವುದಿಲ್ಲ. ನಮ್ಮ ಮಕ್ಕಳು ಎರಡನ್ನೂ ಕಲಿಯಬೇಕು: ಕಾಲು ಮಡಚುವುದನ್ನೂ, ಹಾಸಿಗೆ ಅಳೆಯುವುದನ್ನೂ.

ಲೆಕ್ಕ ಬಡವನ ಆಯುಧ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಜಗಳದ ಮೂಲದಲ್ಲಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ. ಕೊಳಗ ಹಿಗ್ಗಿದಷ್ಟೂ ಮನೆಯ ಮಕ್ಕಳ ಊಟ ಕುಗ್ಗುತ್ತದೆಂಬ ಲೆಕ್ಕ ಅವರಿಗೆ ತಿಳಿದಿತ್ತು. ಗೋಪಾಲಗೌಡರು ಅವರ ಜೊತೆ ನಿಂತರು, ಡಾ. ಲೋಹಿಯಾ ಅಲ್ಲಿಗೆ ಬಂದು ಬಂಧಿತರಾದರು. ಅದೇ ಲೋಹಿಯಾ 1963ರಲ್ಲಿ ಲೋಕಸಭೆಯಲ್ಲಿ, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೆಕ್ಕ ಮುಂದಿಟ್ಟರು. ಮೂರಲ್ಲ, ಹದಿನೈದಾಣೆ ಎಂದರು ಪ್ರಧಾನಿ ನೆಹರೂ. ಕೂಡುವ ಭಾಗಿಸುವ ಲೆಕ್ಕಕ್ಕೆ ಸರ್ಕಾರವೇ ಉತ್ತರ ಹೇಳಬೇಕಾಯಿತು.

1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ಹೊಸ ಪೈಸೆಯಾಯಿತು. ಒಂದಾಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆ ಯಾರ ಜೇಬಿಗೆ ಸೇರಬೇಕೆಂಬುದೇ ಚರ್ಚೆ. ಕಾಲು, ಅರೆ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿದ ಹುಡುಗರು ಅಂಥ ಚರ್ಚೆಗೆ ತಯಾರಿದ್ದರು. ಇಂದಿನ ಮಗುವಿಗೆ ದುಡ್ಡು ಕಣ್ಣಿಗೇ ಬೀಳುವುದಿಲ್ಲ. ಅಪ್ಪ ಫೋನ್ ತೋರಿಸುತ್ತಾನೆ, ಸಾಮಾನು ಬರುತ್ತದೆ. ಚಿಲ್ಲರೆ ಎಣಿಸುವ ಕೆಲಸವಿಲ್ಲ, ಜೇಬು ಹಗುರವಾದ ಅನುಭವವಿಲ್ಲ. ಆದ್ದರಿಂದ ಏಳೆಂಟು ವರ್ಷದ ಮಕ್ಕಳ ಕೈಗೆ ನೋಟು ನಾಣ್ಯ ಕೊಟ್ಟೇ ಅಂಗಡಿಗೆ ಕಳಿಸಿ. ತಂದ ಸಾಮಾನಿನ ಬೆಲೆ, ಉಳಿದ ಚಿಲ್ಲರೆ, ಎರಡನ್ನೂ ಹೇಳಿಸಿ.

ಮುಂದಿನ ಪಾಠ ಬಟವಾಡೆಯ ದಿನದ್ದು. ಪಗಾರದ ಚೀಟಿಯನ್ನು ಮಕ್ಕಳ ಮುಂದೆ ಬಿಡಿಸಿಡಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಇದ್ದರೆ ಭವಿಷ್ಯನಿಧಿಗೆ ನೂರಕ್ಕೆ 12ರಂತೆ 1,800 ಕಡಿಯುತ್ತಾರೆ. ಮಾಲೀಕನೂ ಅಷ್ಟೇ ಕೊಡಬೇಕು. ಇ.ಎಸ್.ಐ.ಗೆ ಕೆಲಸಗಾರನಿಂದ ನೂರಕ್ಕೆ ಮುಕ್ಕಾಲು, ಮಾಲೀಕನಿಂದ ಮೂರೂಕಾಲು. ಕಡಿದ ಹಣ ನಿಧಿಗೆ ಸೇರಿತೇ ಎಂದು ಕೇಳುವ ಮಗಳು ಮನೆಯಲ್ಲಿದ್ದರೆ ತಂದೆಗೆ ಅದೊಂದು ಬಲ. ಆಮೇಲೆ ಬಾಡಿಗೆ, ರೇಷನ್, ಔಷಧಿ, ಶಾಲೆಯ ಖರ್ಚು ಬರೆಸಿ. ಉಳಿದದ್ದೆಷ್ಟು, ಸಾಲದ್ದೆಷ್ಟು ಎಂದು ಮಗುವೇ ಕೂಡಿ ಕಳೆಯಲಿ. ಇಲ್ಲವೆಂಬ ಮಾತನ್ನು ಬೈಗುಳದಲ್ಲಿ ಕೇಳುವುದಕ್ಕಿಂತ ಲೆಕ್ಕದಲ್ಲಿ ಕಾಣುವುದು ಮಕ್ಕಳಿಗೂ ಹಿತ.

ಸಣ್ಣ ವ್ಯಾಪಾರಿ ಬಂಧುಗಳ ಮಕ್ಕಳು ಗಲ್ಲಾದ ಪಕ್ಕದಲ್ಲೇ ಬೆಳೆಯುತ್ತಾರೆ. ಅವರಿಗೆ ಕಿರ್ದಿ ತೋರಿಸಿ. 920 ರೂಪಾಯಿಯ ಮಾಲು ಸಾವಿರಕ್ಕೆ ಮಾರಿದರೆ ಲಾಭ 80. ಅದರಲ್ಲಿ 300 ಉದ್ರಿ ಹೋದರೆ ಗಲ್ಲಾದಲ್ಲಿರುವುದು 700. ನಾಳೆ ಅದೇ ಮಾಲು ತರಲು 220 ಕಡಿಮೆ. ಗಲ್ಲಾದ ದುಡ್ಡೆಲ್ಲ ಲಾಭವಲ್ಲ ಎಂದು ಹತ್ತನೆಯ ವಯಸ್ಸಿನಲ್ಲಿ ಅರಿತವನು ಮುವ್ವತ್ತರಲ್ಲಿ ಅಂಗಡಿಗೆ ಬೀಗ ಹಾಕುವ ಸಂಭವ ಕಡಿಮೆ.

ಎಲ್ಲಕ್ಕಿಂತ ದೊಡ್ಡ ಪಾಠ ಬಡ್ಡಿಯದು. ನೂರಕ್ಕೆ ಐದು ಎಂದರೆ ಸಣ್ಣದಾಗಿ ಕೇಳಿಸುತ್ತದೆ. ತಿಂಗಳಿಗೆ ಐದಾದರೆ ವರ್ಷಕ್ಕೆ ಅರವತ್ತು. ಇನ್ನೊಂದು ಪದ್ಧತಿ ನೋಡಿ. ಹತ್ತು ಸಾವಿರದ ಸಾಲ. ಒಂದು ಸಾವಿರ ಮೊದಲೇ ಮುರಿದುಕೊಂಡು ಒಂಬತ್ತು ಸಾವಿರ ಕೈಗೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ನೂರಕ್ಕೆ ಹತ್ತು ತಾನೇ ಎಂದು ಮನುಷ್ಯ ಸಮಾಧಾನಪಡುತ್ತಾನೆ. ಆದರೆ ಅಸಲು ದಿನದಿನಕ್ಕೂ ಕರಗುತ್ತದೆ. ಸರಾಸರಿ ಅವನ ಬಳಿ ಉಳಿಯುವುದು ನಾಲ್ಕೂವರೆ ಸಾವಿರ ಮಾತ್ರ. ಅದಕ್ಕೆ ನೂರು ದಿನಕ್ಕೆ ಸಾವಿರ ಬಡ್ಡಿ, ಎಂದರೆ ವರ್ಷಕ್ಕೆ ನೂರಕ್ಕೆ ಎಂಬತ್ತರಷ್ಟು! ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಬೇಕು, ಆದರೆ ಸಹಿ ಹಾಕುವ ಮೊದಲೇ ಈ ಗುಣಾಕಾರ ಬಲ್ಲ ಮಗ ಪಕ್ಕದಲ್ಲಿದ್ದರೆ ಎಷ್ಟೋ ಮನೆ ಉಳಿಯುತ್ತವೆ.

ಉಳಿತಾಯದ ಮಾತು ಇಷ್ಟಾದ ಮೇಲೆ ಬರಬೇಕು. ಹನಿಗೂಡಿದರೆ ಹಳ್ಳವೇನೋ ನಿಜ. ಹತ್ತು ವರ್ಷ ತುಂಬಿದ ಮಗು ಅಂಚೆ ಕಚೇರಿಯಲ್ಲಿ ತನ್ನ ಹೆಸರಿನ ಖಾತೆಯನ್ನು ತಾನೇ ನಡೆಸಬಹುದು. ಬ್ಯಾಂಕುಗಳಲ್ಲೂ ಹಾಗೆಯೇ ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಸ್ಪಷ್ಟಪಡಿಸಿದೆ. ಪುಸ್ತಕಕ್ಕೋ ಸೈಕಲ್ಲಿಗೋ ಕೂಡಿಡಲಿ. ಆದರೆ ಕೂಡಿಟ್ಟದ್ದನ್ನು ಅವರಿಗೆ ಹೇಳದೆ ತೆಗೆದು ಮನೆಖರ್ಚಿಗೆ ಬಳಸಬೇಡಿ. ತೆಗೆಯಲೇಬೇಕಾದರೆ ಕೈಗಡವೆಂದು ಬರೆದಿಟ್ಟು ತೀರಿಸಿ. ಅಪ್ಪನೇ ಮಾತು ತಪ್ಪಿದ ಮನೆಯಲ್ಲಿ ಉಳಿತಾಯದ ಬುದ್ಧಿ ಬೇರೂರುವುದಿಲ್ಲ.

ಒಂದು ಮಾತು ಮರೆಯಬಾರದು. ಮಿತವ್ಯಯ ನ್ಯಾಯವಾದ ಕೂಲಿಗೆ ಬದಲಿಯಲ್ಲ. ಊಟಕ್ಕೇ ಸಾಲದ ಪಗಾರದಲ್ಲಿ ಉಳಿಸು ಎನ್ನುವುದು ಬುದ್ಧಿವಾದವಲ್ಲ, ಅಪಹಾಸ್ಯ. ಲೆಕ್ಕ ಕಲಿತ ಮಗುವೇ ಆ ಅಪಹಾಸ್ಯವನ್ನು ಮೊದಲು ಗುರುತಿಸುತ್ತದೆ.

ಪಗಾರದ ಚೀಟಿ, ಸಾಲದ ಪತ್ರ, ನ್ಯಾಯಬೆಲೆ ಅಂಗಡಿಯ ತೂಕ, ಇವುಗಳಿಂದಲೇ ಶಾಲೆಯಲ್ಲಿ ಗಣಿತ ಕಲಿಸಬೇಕೆಂದು ಸರ್ಕಾರವನ್ನು ಒತ್ತಾಯಿಸೋಣ. ಸರ್ಕಾರ ಏಳುವವರೆಗೆ ಕಾಯುವುದು ಬೇಡ. ಪ್ರತಿ ಕಾರ್ಮಿಕ ಸಂಘದ ಕಚೇರಿಯಲ್ಲಿ ಭಾನುವಾರ ಒಂದು ಗಂಟೆ ಮಕ್ಕಳ ಲೆಕ್ಕದ ತರಗತಿ ನಡೆಯಲಿ. ಕಿರ್ದಿ ಬರೆದು ಅನುಭವವಿರುವ ವ್ಯಾಪಾರಿಗಳು ಬಂದು ಪಾಠ ಹೇಳಲಿ. ಬೇಕಾದದ್ದು ಒಂದು ಹಲಗೆ, ಒಂದು ಸೀಮೆಸುಣ್ಣ, ಕಲಿಸುವ ಮನಸ್ಸು.