ದಾನಿಯೇಲನ ಪರವಾಗಿ ನುಡಿದ ಮಣ್ಣು

ಬೈಬಲಿನ ದಾನಿಯೇಲನ ಗ್ರಂಥ ದಾನಿಯೇಲನದ್ದಲ್ಲ ಎಂಬುದು ಹೊಸ ಕಾಲದ ಶೋಧವೆಂದು ಹಲವರು ತಿಳಿದಿದ್ದಾರೆ. ಅಲ್ಲ. ಮೂರನೆಯ ಶತಮಾನದಲ್ಲೇ ಪೋರ್ಫಿರಿ ಎಂಬ ತತ್ತ್ವಜ್ಞಾನಿ ಈ ಮಾತು ಎತ್ತಿದ್ದ. ಕ್ರೈಸ್ತರ ವಿರುದ್ಧವೇ ಗ್ರಂಥ ಬರೆದವನು ಅವನು. ಈ ಪುಸ್ತಕ ಹುಟ್ಟಿದ್ದು ಕ್ರಿ.ಪೂ. 6ನೆಯ ಶತಮಾನದ ಬಾಬಿಲೋನಿನಲ್ಲಿ ಅಲ್ಲ, ಯೆಹೂದ್ಯರನ್ನು ಸಿರಿಯದ ಅರಸ ನಾಲ್ಕನೆಯ ಅಂತಿಯೋಕ ಹಿಂಸಿಸುತ್ತಿದ್ದ ಕ್ರಿ.ಪೂ. 2ನೆಯ ಶತಮಾನದಲ್ಲಿ, ನಡೆದುಹೋದದ್ದಕ್ಕೆ ಯಾರೋ ಪ್ರವಾದನೆಯ ವೇಷ ತೊಡಿಸಿದ್ದಾರೆ ಎಂಬುದು ಅವನ ವಾದ. ಕಾರಣ? 11ನೆಯ ಅಧ್ಯಾಯದಲ್ಲಿ ಈಜಿಪ್ಟ್ ಮತ್ತು ಸಿರಿಯದ ಅರಸರ ಕಾಳಗಗಳು ಇತಿಹಾಸಕ್ಕೆ ತೀರಾ ಹೊಂದುತ್ತವೆ! ಹೊಂದದಿದ್ದರೆ ಸುಳ್ಳು ಪ್ರವಾದನೆ, ಹೊಂದಿದರೆ ಪ್ರವಾದನೆಯೇ ಅಲ್ಲ. ಗೆಲ್ಲುವ ದಾರಿಯನ್ನೇ ಮುಚ್ಚಿಟ್ಟು ಕಣಕ್ಕೆ ಕರೆದಂತಾಯಿತು.

ಇಂದು ಈ ವಾದವೇ ಬಹುಪಾಲು ವಿದ್ವಾಂಸರ ಒಮ್ಮತ. ಒಮ್ಮತಕ್ಕೆ ಗೌರವ ಕೊಡೋಣ, ಆದರೆ ಅದರ ಲೆಕ್ಕವನ್ನೂ ಕೇಳೋಣ.

ಮೊದಲು ಬೇಲ್ಶಚ್ಚರನ ಕತೆ. 5ನೆಯ ಅಧ್ಯಾಯದಲ್ಲಿ ಔತಣಕ್ಕೆ ಕುಳಿತವನು, ಗೋಡೆಯ ಮೇಲೆ ಬರೆದ ಕೈಯನ್ನು ಕಂಡು ನಡುಗಿದವನು ಇವನೇ. ಬಾಬಿಲೋನಿನ ಕೊನೆಯ ಅರಸ ನಬೋನಿಡಸ್ ಎಂದು ಹಳೆಯ ಇತಿಹಾಸಕಾರರು ಬರೆದಿದ್ದರು. ಬೇಲ್ಶಚ್ಚರನ ಹೆಸರು ಹೆರೊಡೋಟಸನಲ್ಲೂ ಇಲ್ಲ, ಝೆನೊಫೋನನಲ್ಲೂ ಇಲ್ಲ. ಹಾಗಾಗಿ 19ನೆಯ ಶತಮಾನದ ಕೆಲವು ವಿಮರ್ಶಕರು ಅವನನ್ನು ಕಟ್ಟುಕತೆಗೆ ಸೇರಿಸಿದರು. 1854ರಲ್ಲಿ ಊರ್ ನಗರದ ಅವಶೇಷಗಳಲ್ಲಿ ಜೆ.ಜಿ. ಟೇಲರ್ ಅಗೆದಾಗ ನಬೋನಿಡಸನ ಮಣ್ಣಿನ ಉರುಳೆಗಳು ಸಿಕ್ಕವು. ಅವುಗಳಲ್ಲಿ ಹಿರಿಯ ಮಗ ಬೇಲ್ಶಚ್ಚರನಿಗಾಗಿ ತಂದೆ ಮಾಡಿದ ಪ್ರಾರ್ಥನೆ ಇತ್ತು. ಅರಸ ಅರೇಬಿಯದ ತೇಮಾದಲ್ಲಿ ಹತ್ತು ವರ್ಷ ಉಳಿದದ್ದು, ರಾಜ್ಯಭಾರವನ್ನು ಹಿರಿಯ ಮಗನಿಗೆ ಒಪ್ಪಿಸಿದ್ದು ಇತರ ಫಲಕಗಳಿಂದ ತಿಳಿಯಿತು. ಗೋಡೆಯ ಬರಹ ಓದಿದವನಿಗೆ ರಾಜ್ಯದಲ್ಲಿ ‘ಮೂರನೆಯ’ ಸ್ಥಾನವೆಂದು ಬೇಲ್ಶಚ್ಚರ ಏಕೆ ಹೇಳಿದ ಎಂಬುದು ಆಗ ಅರ್ಥವಾಯಿತು. ಮೊದಲನೆಯವನು ತಂದೆ, ಎರಡನೆಯವನು ತಾನೇ. ಗ್ರೀಕ್ ಇತಿಹಾಸಕಾರರೇ ಮರೆತದ್ದನ್ನು ಸುಮಾರು ನಾಲ್ಕು ಶತಮಾನ ಕಳೆದ ಮೇಲೆ ಬಂದ ಕತೆಗಾರ ಇಷ್ಟು ಕರಾರುವಾಕ್ಕಾಗಿ ಬರೆದನೇ?

ಭಾಷೆಯನ್ನೂ ನೋಡಿ. ಪುಸ್ತಕದಲ್ಲಿರುವ ಗ್ರೀಕ್ ಪದಗಳು ಮೂರು, ಮೂರೂ ವಾದ್ಯಗಳ ಹೆಸರು. ವಾದ್ಯದ ಜೊತೆ ಅದರ ಹೆಸರೂ ಊರೂರು ತಿರುಗುತ್ತದೆ. ಪರ್ಷಿಯನ್ ಪದಗಳಾದರೋ ಸುಮಾರು ಇಪ್ಪತ್ತು, ಹೆಚ್ಚಿನವು ಆಡಳಿತಕ್ಕೆ ಸೇರಿದವು. ಗ್ರೀಕರ ಆಳ್ವಿಕೆಯಲ್ಲಿ ಒಂದೂವರೆ ಶತಮಾನ ಕಳೆದ ನಾಡಿನ ಲೇಖಕನ ಬಾಯಲ್ಲಿ ಈ ಲೆಕ್ಕ ತಲೆಕೆಳಗಾಗಬೇಕಿತ್ತು.

ಕುಮ್ರಾನಿನ ಗುಹೆಗಳಲ್ಲಿ ದಾನಿಯೇಲನ ಎಂಟು ಪ್ರತಿಗಳ ತುಣುಕುಗಳು ಸಿಕ್ಕಿವೆ. ಅವುಗಳಲ್ಲಿ ಒಂದಕ್ಕೆ 2025ರಲ್ಲಿ ಗ್ರೋನಿಂಗನ್ ವಿಶ್ವವಿದ್ಯಾಲಯದ ತಂಡ ಕ್ರಿ.ಪೂ. 230ರಿಂದ 160ರ ನಡುವಣ ಕಾಲ ಕೊಟ್ಟಿದೆ. ಇದರಿಂದಲೇ ವಾದ ಮುಗಿಯದು, ಏಕೆಂದರೆ ವಿಮರ್ಶಕರು ಹೇಳುವ ಕಾಲವೂ ಅದರೊಳಗೇ ಬರುತ್ತದೆ. ಆದರೆ ಶಾಯಿ ಆರುವ ಮೊದಲೇ ಪುಸ್ತಕ ಪ್ರತಿಯಾಗಿ, ಹರಡಿ, ಪವಿತ್ರವೆನಿಸಿತು ಎಂದು ಅವರು ನಂಬಬೇಕಾಗುತ್ತದೆ.

ಇನ್ನು ಒಂದರ ಹಿಂದೊಂದು ಬರುವವೆಂದು ಪುಸ್ತಕ ಹೇಳುವ ನಾಲ್ಕು ರಾಜ್ಯಗಳು. ನಾಲ್ಕನೆಯದು ಗ್ರೀಸ್ ಆಗಬೇಕಾದರೆ ಮೇದ್ಯ, ಪರ್ಷಿಯಗಳನ್ನು ಎರಡು ಮಾಡಬೇಕು. ಆದರೆ 8ನೆಯ ಅಧ್ಯಾಯದಲ್ಲಿ ಆ ಎರಡಕ್ಕೂ ಸೇರಿ ಒಂದೇ ಟಗರು. ಎರಡನ್ನೂ ಒಂದಾಗಿ ಎಣಿಸಿದರೆ ನಾಲ್ಕನೆಯದು ರೋಮ್. ರೋಮಿನ ಸೇನಾನಿ ಪಾಂಪೆ ಯೆರೂಸಲೇಮಿಗೆ ಬಂದದ್ದು ಕ್ರಿ.ಪೂ. 63ರಲ್ಲಿ. ಪುಸ್ತಕದ ವಯಸ್ಸನ್ನು ಎಷ್ಟು ಕಡಿಮೆ ಮಾಡಿದರೂ ಪ್ರವಾದನೆ ಉಳಿದೇ ಉಳಿಯುತ್ತದೆ.

ತೊಡಕುಗಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಬೇಲ್ಶಚ್ಚರನ ನಂತರ ರಾಜ್ಯ ಪಡೆದನೆಂದು ಪುಸ್ತಕ ಹೇಳುವ ಮೇದ್ಯನಾದ ದಾರ್ಯಾವೆಷ ಯಾರೆಂದು ಯಾವ ಶಾಸನವೂ ಇನ್ನೂ ಹೇಳಿಲ್ಲ. ಬೇಲ್ಶಚ್ಚರನ ಬಗ್ಗೆಯೂ 1854ರವರೆಗೆ ಯಾವ ಶಾಸನವೂ ಹೇಳಿರಲಿಲ್ಲ.

ದೇವಶಾಸ್ತ್ರದ ತರಗತಿಗಳಲ್ಲಿ ಕಲಿಸುವವರಿಗೆ ಒಂದು ಮನವಿ. ಮುಂದಾಗುವುದನ್ನು ದೇವರು ಮೊದಲೇ ತಿಳಿಸಲಾರ ಎಂಬುದು ನಿಮ್ಮ ನಂಬಿಕೆಯಾದರೆ, ನಂಬಿಕೆ ಎಂದೇ ಹೇಳಿ. ಅದನ್ನು ಇತಿಹಾಸದ ತೀರ್ಪೆಂದು ವಿದ್ಯಾರ್ಥಿಗಳ ಕೈಗೆ ಕೊಡಬೇಡಿ.